ಕೇಳಿದರೆ ತಲೆಗೆ ಹೋಗುತ್ತೆ ಅಂತ ಕೇಳದೇ ಇರಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ತಿರುಗುತ್ತಿದ್ದವು. ಆದರೆ ಆ ಪದವನ್ನು ಬರೆದವರು ಬಹಳ ಕಡಿಮೆ. 'ಏನಾದರೂ ಮಾಡ್ಕೊಂಡುಬಿಟ್ರೆ' ಅಂತ ಬರೆದಿದ್ದಾರೆ, 'ಹೆಚ್ಚುಕಮ್ಮಿ ಆದ್ರೆ' ಅಂತ ಬರೆದಿದ್ದಾರೆ. ಒಬ್ಬರು ಮೂರು ಚುಕ್ಕಿ ಇಟ್ಟು ಬಿಟ್ಟಿದ್ದಾರೆ. ನಮ್ಮ ಕಡೆ ಹಾಗೇ ಅಲ್ವಾ, ಹಾವಿನ ಹೆಸರೂ ರಾತ್ರಿ ಹೇಳುವುದಿಲ್ಲ. ಹಾಗಾಗಿ ನಿದ್ದೆ, ಅತ್ತೆ-ಸೊಸೆ, ಮೊಬೈಲ್ ಚಟ ಎಲ್ಲ ಮುಂದಿನ ತಿಂಗಳಿಗೆ. ಈ ಸಲ ಪೂರ್ತಿ ಆತ್ಮಹತ್ಯೆಯ ಬಗ್ಗೆಯೇ. ಪತ್ರ ಬರೆದವರ ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ ಇದೆ. ಅಣ್ಣ ನೋಡಿಕೊಳ್ಳುತ್ತಾನೆ, ನಾನು ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಎರಡು ವರ್ಷದಿಂದ ಮಳೆ ಜಾಸ್ತಿಯಾಗಿ ಕಾಯಿ ಉದುರಿತು, ಮೆಣಸಿನ ಬಳ್ಳಿಗೆ ಸೊರಗು ರೋಗ ಬಂತು. ಈಗ ಅಣ್ಣ ತೋಟದ ಕಡೆ ಹೋಗುವುದೇ ಇಲ್ಲ. ರಾತ್ರಿ ಎರಡು ಗಂಟೆಗೆಲ್ಲ ಎದ್ದು ಜಗಲಿಯಲ್ಲಿ ಕೂತಿರುತ್ತಾನೆ. ಮೊನ್ನೆ ಅತ್ತಿಗೆಯನ್ನು ಕರೆದು ಬ್ಯಾಂಕಿನ ಕಾಗದ, ಪಹಣಿ, ಇನ್ಶೂರೆನ್ಸ್ ಎಲ್ಲ ಎಲ್ಲಿದೆ ಅಂತ ತೋರಿಸಿದನಂತೆ. ಎಂಟು ವರ್ಷ ಸಾಕಿದ ನಾಯಿಯನ್ನು ಪಕ್ಕದ ತೋಟದವರಿಗೆ ಕೊಟ್ಟುಬಿಟ್ಟಿದ್ದಾನೆ. ಕೇಳೋಣ ಅಂದರೆ, 'ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ, ಸುಮ್ನಿರು' ಅಂತಾರೆ ಅಮ್ಮ. ಏನು ಮಾಡಲಿ ಮೇಡಂ?

ಉತ್ತರ: ಇವತ್ತೇ ಊರಿಗೆ ಹೊರಡಿ. ಭಾನುವಾರದವರೆಗೆ ಕಾಯಬೇಡಿ.

ನಾಯಿಯ ವಿಷಯ ಓದಿ ನಾನು ಪತ್ರ ಕೆಳಗಿಟ್ಟೆ. ನಿದ್ದೆ ಇಲ್ಲ, ತೋಟ ಬೇಡ, ಇವೆಲ್ಲ ಖಿನ್ನತೆಯಲ್ಲಿ ನೋಡುವಂಥದ್ದೇ. ಆದರೆ ಕಾಗದ ಪತ್ರ ಒಪ್ಪಿಸುವುದು, ಪ್ರೀತಿಯಿಂದ ಸಾಕಿದ್ದನ್ನು ಬೇರೆಯವರಿಗೆ ವಹಿಸುವುದು, ಇದು ಹೊರಟವರು ಮನೆ ಸರಿಮಾಡಿಡುವ ರೀತಿ. ಇನ್ನೊಂದು ಮಾತು. ಇಷ್ಟು ದಿನ ಮುಖ ಗಂಟು ಹಾಕಿಕೊಂಡಿದ್ದವರು ಇದ್ದಕ್ಕಿದ್ದ ಹಾಗೆ ಶಾಂತವಾಗಿ ನಗುನಗುತ್ತಾ ಓಡಾಡಿದರೆ, 'ಸದ್ಯ, ಸರಿಹೋದ' ಅಂತ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕೆಲವು ಸಲ ಅದು ಒಳಗೆ ತೀರ್ಮಾನ ಆಗಿಬಿಟ್ಟ ನೆಮ್ಮದಿ ಆಗಿರುತ್ತದೆ. ಅದಕ್ಕೂ ಎಚ್ಚರ ಇರಲಿ.

ಈಗ ಅಮ್ಮನ ಮಾತಿಗೆ ಬರೋಣ. ಅವರ ಭಯ ಅರ್ಥವಾಗುತ್ತದೆ, ಆದರೆ ಅದು ತಪ್ಪು. ಸಾವಿನ ಯೋಚನೆ ಇದೆಯಾ ಅಂತ ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದನ್ನು ಬೇರೆ ಬೇರೆ ದೇಶಗಳಲ್ಲಿ ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದಾರೆ. ಎಷ್ಟೋ ಜನಕ್ಕೆ ಕೇಳಿದ ಮೇಲೆ ಎದೆ ಹಗುರಾಗುತ್ತದೆ. ಅಷ್ಟು ದಿನ ಒಬ್ಬರೇ ಹೊತ್ತುಕೊಂಡಿದ್ದ ಮಾತಿಗೆ ಇನ್ನೊಬ್ಬರ ಬಾಯಲ್ಲಿ ಹೆಸರು ಸಿಕ್ಕಿತಲ್ಲ, ಅದಕ್ಕೆ.

ಹೇಗೆ ಕೇಳುವುದು? ಎಲ್ಲರೂ ಸುತ್ತ ಕೂತು ಪಂಚಾಯ್ತಿ ಮಾಡಿದ ಹಾಗೆ ಕೇಳಬೇಡಿ. ನಮ್ಮ ಗಂಡಸರು ಮುಖ ನೋಡಿಕೊಂಡು ಮನಸ್ಸಿನ ಮಾತು ಆಡುವುದು ಕಡಿಮೆ. ಪಕ್ಕಪಕ್ಕ ನಡೆಯುವಾಗ ಆಡುತ್ತಾರೆ, ಜೀಪಿನಲ್ಲಿ ಹೋಗುವಾಗ ಆಡುತ್ತಾರೆ. 'ಬಾ ಅಣ್ಣ, ಕೆರೆ ಕಡೆ ಹೋಗಿ ಬರೋಣ' ಅನ್ನಿ. ಹೋಗುತ್ತಾ ಕೇಳಿ: 'ಅಣ್ಣ, ನೀನು ನಿದ್ದೆ ಮಾಡ್ತಿಲ್ಲ, ನಾಯಿ ಕೊಟ್ಟುಬಿಟ್ಟೆ. ನಂಗೆ ಭಯ ಆಗ್ತಿದೆ. ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ?' ಅಷ್ಟೇ. ಆಮೇಲೆ ಸುಮ್ಮನಿರಿ. ಎರಡು ನಿಮಿಷ ಉತ್ತರ ಬರದೇ ಇರಬಹುದು, ಆ ಎರಡು ನಿಮಿಷವನ್ನು ನೀವು ಮಾತಾಡಿ ತುಂಬಬೇಡಿ. 'ಹಂಗೆಲ್ಲ ಯೋಚನೆ ಮಾಡ್ತಿಲ್ಲ ತಾನೇ?' ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಯೊಳಗೇ 'ಇಲ್ಲ ಅನ್ನು' ಅನ್ನುವ ಒತ್ತಾಯ ಇದೆ, ಅವರು 'ಇಲ್ಲ' ಅಂದುಬಿಡುತ್ತಾರೆ.

'ಹೌದು' ಅಂದರೆ? ಬೈಯಬೇಡಿ, ಅಳಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. 'ಹೆಂಡ್ತಿ ಮಕ್ಕಳ ಮುಖ ನೋಡು' ಅನ್ನುವುದು ನಮಗೆ ಸುಲಭವಾಗಿ ಬಾಯಿಗೆ ಬರುವ ಮಾತು. ಆದರೆ ಅವರ ಲೆಕ್ಕವೇ ಬೇರೆ ಇರುತ್ತದೆ. ಥಾಮಸ್ ಜಾಯ್ನರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಈ ಲೆಕ್ಕವನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ಯಾರಿಗೂ ಸೇರಿದವನಲ್ಲ ಅನ್ನಿಸುವುದು ಒಂದು, ನಾನಿರುವುದೇ ಮನೆಯವರಿಗೆ ಭಾರ ಅನ್ನಿಸುವುದು ಇನ್ನೊಂದು. ಎರಡೂ ಕೂಡಿ, ಇದು ಯಾವತ್ತೂ ಸರಿಹೋಗಲ್ಲ ಅಂತಲೂ ಅನ್ನಿಸಿದಾಗ ಸಾಯುವ ಆಸೆ ಬಲವಾಗುತ್ತದೆ ಅನ್ನುತ್ತಾರೆ ಅವರು. ನಿಮ್ಮ ಅಣ್ಣ ಹೆಂಡತಿ ಮಕ್ಕಳನ್ನು ಮರೆತಿಲ್ಲ, ಅವರಿಗೆ ತಾನೊಂದು ಹೊರೆ ಅಂತ ನಂಬಿದ್ದಾರೆ. ಅಂಥವರಿಗೆ ಮಕ್ಕಳ ಮುಖ ತೋರಿಸಿದರೆ ಹೊರೆ ಇನ್ನೂ ಹೆಚ್ಚಿದ ಹಾಗಾಗುತ್ತದೆ.

ಚಾರ್ಮಾಡಿ ಘಾಟಿಯಲ್ಲಿ ಮಂಜು ಇಳಿದಾಗ ಗಾಡಿ ಓಡಿಸಿದ್ದೀರಾ? ಹೆಡ್‌ಲೈಟ್ ಹತ್ತಡಿ ತೋರಿಸುತ್ತದೆ, ಅದರಾಚೆ ಬರೀ ಬಿಳಿ. ಎಡವೂ ಇಲ್ಲ, ಬಲವೂ ಇಲ್ಲ. ಸಾಯಬೇಕು ಅನ್ನಿಸಿದವರ ಯೋಚನೆ ಹೀಗೇ ಕಿರಿದಾಗುತ್ತದೆ ಅಂತ ಎಡ್ವಿನ್ ಶ್ನೈಡ್‌ಮನ್ ಅನ್ನುವವರು ಹೇಳುತ್ತಿದ್ದರು. ಇಡೀ ಜೀವನ ಈ ವಿಷಯದ ಮೇಲೇ ಕೆಲಸ ಮಾಡಿದವರು ಅವರು. ಇಂಥವರಿಗೆ ಬೇಕಾಗಿರುವುದು ಸಹಿಸಲಾಗದ ಮನಸ್ಸಿನ ನೋವು ನಿಲ್ಲುವುದು, ಸಾವು ಅದಕ್ಕೆ ಕಂಡ ಒಂದೇ ದಾರಿ ಅನ್ನುವುದು ಅವರ ಮಾತು. ಮಂಜಿನಲ್ಲಿ ಸಿಕ್ಕಿಕೊಂಡವರಿಗೆ ಭಾಷಣದಿಂದ ಏನು ಪ್ರಯೋಜನ? ಪಕ್ಕದಲ್ಲಿ ಕೂತು, ಗಾಡಿ ನಿಲ್ಲಿಸಿ, ತಿಳಿಯಾಗುವವರೆಗೆ ಜೊತೆಗಿರುವವರು ಬೇಕು.

ಇನ್ನು ತುಂಬಾ ಮುಖ್ಯವಾದ್ದು. ತೋಟದ ಮನೆಯಲ್ಲಿ ಗಿಡಕ್ಕೆ ಹೊಡೆಯುವ ಔಷಧಿ ಇಡುವ ಕೋಣೆಗೆ ಇವತ್ತು ರಾತ್ರಿಯೇ ಬೀಗ ಬೀಳಬೇಕು. ಬೀಗದ ಕೈ ಅಣ್ಣನ ಹತ್ತಿರವೂ ಬೇಡ, ಅತ್ತಿಗೆಯ ಹತ್ತಿರವೂ ಬೇಡ, ಮನೆಯಿಂದ ಆಚೆ ಒಬ್ಬ ನಂಬಿಕಸ್ತರ ಹತ್ತಿರ ಇರಲಿ. ಸಾಧ್ಯವಾದರೆ ಡಬ್ಬಗಳನ್ನೇ ಅಲ್ಲಿಂದ ಸಾಗಿಸಿಬಿಡಿ, ಇನ್ನೂ ಒಳ್ಳೆಯದು. ಕೋವಿ ಇದ್ದರೆ ಅದೂ ಮನೆಯಿಂದ ಆಚೆ ಹೋಗಲಿ. ಕುಡಿಯುವ ಅಭ್ಯಾಸ ಇದ್ದರೆ ಈ ದಿನಗಳಲ್ಲಿ ಅದನ್ನು ದೂರ ಇಡಿಸಿ, ಕುಡಿದಾಗ ತಡೆಯುವ ಬುದ್ಧಿ ಮೊದಲು ಮಲಗುತ್ತದೆ. 'ಮಾಡ್ಕೊಳ್ಳೋರು ಹೆಂಗಾದ್ರೂ ಮಾಡ್ಕೊಳ್ತಾರೆ, ಬೀಗ ಹಾಕಿ ಏನು ಬಂತು' ಅಂತ ಯಾರಾದರೂ ಹೇಳುತ್ತಾರೆ. ಅವರಿಗೆ ಶ್ರೀಲಂಕಾದ ಕಥೆ ಹೇಳಿ. ಒಂದು ಕಾಲಕ್ಕೆ ಪ್ರಪಂಚದಲ್ಲೇ ಹೆಚ್ಚು ಆತ್ಮಹತ್ಯೆ ಆಗುತ್ತಿದ್ದ ದೇಶಗಳಲ್ಲಿ ಅದೂ ಒಂದು. ಅತಿ ಅಪಾಯದ ಕೃಷಿ ವಿಷಗಳನ್ನು ಒಂದೊಂದಾಗಿ ನಿಷೇಧ ಮಾಡುತ್ತಾ ಬಂದರು. 1995ರ ನಂತರದ ಎರಡು ದಶಕದಲ್ಲಿ ಆತ್ಮಹತ್ಯೆಯ ಪ್ರಮಾಣ ನೂರಕ್ಕೆ 70ರಷ್ಟು ಇಳಿಯಿತು. ಅಲ್ಲಿ ಸಾಲ ಇರಲಿಲ್ಲವಾ, ಜಗಳ ಇರಲಿಲ್ಲವಾ? ಎಲ್ಲ ಇತ್ತು. ಕೈಗೆ ಸಿಗುವುದು ಕಡಿಮೆಯಾಯಿತು, ಅಷ್ಟೇ.

ಇದರ ಹಿಂದಿರುವ ಸತ್ಯ ಸರಳ. ಸಾಯಲೇಬೇಕು ಅನ್ನುವ ಆ ತೀವ್ರ ಗಳಿಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೆಲವರಿಗೆ ನಿಮಿಷ, ಕೆಲವರಿಗೆ ಗಂಟೆ, ಬಂದು ಹೋಗುತ್ತದೆ. ಅಮೆರಿಕದ ಒಂದು ಸೇತುವೆಯ ಹತ್ತಿರ ಹಲವು ದಶಕಗಳಲ್ಲಿ ಸಾಯಲು ಬಂದಾಗ ತಡೆದು ಕಳಿಸಿದ 515 ಜನರು ಮುಂದೆ ಏನಾದರು ಅಂತ ರಿಚರ್ಡ್ ಸೈಡನ್ ಅನ್ನುವ ಸಂಶೋಧಕ ಹುಡುಕಿ 1978ರಲ್ಲಿ ಬರೆದರು. ನೂರಕ್ಕೆ ಸುಮಾರು 94 ಜನ ಬದುಕಿದ್ದರು ಅಥವಾ ಕಾಯಿಲೆ ಕಸಾಲೆಯಿಂದ ಸಹಜವಾಗಿ ತೀರಿಕೊಂಡಿದ್ದರು. ಇವತ್ತು ತಡೆದರೆ ನಾಳೆ ಮಾಡಿಕೊಳ್ಳುತ್ತಾರೆ ಅನ್ನುವ ಮಾತಿಗೆ ಇದಕ್ಕಿಂತ ಉತ್ತರ ಬೇಡ.

ಆಮೇಲೆ ಡಾಕ್ಟರು. ಅಣ್ಣ 'ಹೌದು' ಅಂದ ದಿನವೇ ಕರೆದುಕೊಂಡು ಹೋಗಬೇಕು, ಅಲ್ಲಿಯವರೆಗೆ ಒಬ್ಬರೇ ಬಿಡಬಾರದು. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ರೋಗದ ವಿಭಾಗ ಇರುತ್ತದೆ. ತುರ್ತು ಅಲ್ಲದವರಿಗೆ ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ಮನೋವೈದ್ಯರು ಅಲ್ಲಿಗೇ ಬರುತ್ತಾರೆ, ಹೊರಡುವ ಮುಂಚೆ ಒಂದು ಫೋನ್ ಮಾಡಿಕೊಳ್ಳಿ. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯ ಹಾಗೆ ಅಲ್ಲ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. 'ಹತ್ತು ದಿನ ನುಂಗಿದೆ, ಏನೂ ಆಗಿಲ್ಲ' ಅಂತ ಬಿಟ್ಟುಬಿಡುವವರೇ ಜಾಸ್ತಿ. ಶುರುವಿನ ಆ ವಾರಗಳಲ್ಲೇ ಮನೆಯವರ ಕಣ್ಣು ಹೆಚ್ಚು ಎಚ್ಚರವಾಗಿರಬೇಕು. ಮಾತ್ರೆಯೂ ಅತ್ತಿಗೆಯ ಕೈಯಲ್ಲಿರಲಿ. ದಿನದ ಲೆಕ್ಕ ದಿನಕ್ಕೆ.

ನಾಯಿಯನ್ನು ವಾಪಸ್ ತನ್ನಿ. ಇದು ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಮಾತು.

ಪ್ರಶ್ನೆ: ನಮ್ಮದು ಅರಸೀಕೆರೆ ತಾಲೂಕು. ನಾನು ಮೂರು ಕಡೆ ಗುಂಪಿನ ಸಾಲ ತಗೊಂಡಿದ್ದೀನಿ. ಒಂದು ಕಂತು ಕಟ್ಟಲು ಇನ್ನೊಂದು ಸಾಲ ತೆಗೆದೆ. ಈಗ ವಸೂಲಿಗೆ ಬಂದವರು ಬಾಗಿಲಲ್ಲಿ ಕೂತುಬಿಡುತ್ತಾರೆ, ಗುಂಪಿನ ಹೆಂಗಸರೇ ಬೈಯುತ್ತಾರೆ. ಮಗಳು ಸ್ಕೂಲಿಂದ ಬಂದಾಗ ಅವರು ಕೂತಿದ್ದರು. ಅವತ್ತಿನಿಂದ ಒಂದೇ ಯೋಚನೆ ಬರುತ್ತಿದೆ.

ಉತ್ತರ: ತಂಗಿ, ಮೊದಲು ಆ ಯೋಚನೆಯ ಬಗ್ಗೆ. 14416ಕ್ಕೆ ಫೋನ್ ಮಾಡಿ. ಟೆಲಿಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ಒಬ್ಬರಿಗೆ, ಅಮ್ಮನಿಗೋ ಪಕ್ಕದ ಮನೆಯವರಿಗೋ, ನೀವು ನನಗೆ ಬರೆದ ಕೊನೆಯ ಸಾಲನ್ನು ಹಾಗೇ ಹೇಳಿ.

ಈಗ ಸಾಲ. ಸಾಲದಿಂದ ಈ ಸ್ಥಿತಿಗೆ ಬಂದವರಿಗೆ 'ಧೈರ್ಯ ತಗೊಳ್ಳಿ' ಅಂದರೆ ಕಂತು ಕಟ್ಟುವವರು ಯಾರು? ಮನಸ್ಸಿನ ಡಾಕ್ಟರೂ ಬೇಕು, ಬಾಗಿಲಲ್ಲಿ ಕೂತವರನ್ನು ಎಬ್ಬಿಸುವವರೂ ಬೇಕು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ವಸೂಲಿಯವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವ ಹಾಗಿಲ್ಲ. ಬೈಯುವ ಹಾಗಿಲ್ಲ, ನೆಂಟರಿಷ್ಟರಿಗೆ, ಜೊತೆ ಕೆಲಸ ಮಾಡುವವರಿಗೆ ಕಾಟ ಕೊಡುವ ಹಾಗಿಲ್ಲ. ವಸೂಲಿಗೆ ಇಬ್ಬರೂ ಒಪ್ಪಿದ ಒಂದು ಜಾಗ ಇರಬೇಕು. ಮನೆಗೆ ಬರುವುದು ನೀವು ಒಂದರ ಹಿಂದೆ ಒಂದು ಎರಡು ಸಲ ಅಲ್ಲಿಗೆ ಹೋಗದಿದ್ದರೆ ಮಾತ್ರ. ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಇಂಥ ಬಲವಂತದ ವಸೂಲಿಯ ಮೇಲೆ ಸುಗ್ರೀವಾಜ್ಞೆಯೇ ಬಂತು, ಆಮೇಲೆ ಅದು ಕಾಯ್ದೆಯೂ ಆಯಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ಠಾಣೆಗೆ ಒಬ್ಬರೇ ಹೋಗಬೇಡಿ, ಪಂಚಾಯ್ತಿ ಸದಸ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೊಳ್ಳಿ. ಮೂರೂ ಪಾಸ್‌ಪುಸ್ತಕ ಚೀಲದಲ್ಲಿ ಇಟ್ಟುಕೊಳ್ಳಿ. ಸಾಲ ತೀರಿಸಲ್ಲ ಅಂತ ನೀವು ಹೇಳುತ್ತಿಲ್ಲ, ಮರ್ಯಾದೆಯಿಂದ ತೀರಿಸುತ್ತೇನೆ ಅನ್ನುತ್ತಿದ್ದೀರಿ. ಅದನ್ನು ಹಾಗೇ ಹೇಳಿ.

ಉಳಿದ ಓದುಗರಿಗೆ ಒಂದು ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಹೀಗೆ ಹೋದವರು 1,70,924 ಜನ, ನಮ್ಮ ರಾಜ್ಯದಲ್ಲೇ 13,606. ದೇಶದ ಲೆಕ್ಕದಲ್ಲಿ ನೂರಕ್ಕೆ 26 ಜನ ದಿನಗೂಲಿಯವರು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲೇ ಹೇಳಿದ್ದರು, ಇದು ಒಬ್ಬೊಬ್ಬರ ಮನಸ್ಸಿನ ಸಂಗತಿ ಮಾತ್ರ ಅಲ್ಲ, ಸಮಾಜ ತನ್ನ ಜನರನ್ನು ಎಷ್ಟು ಹಿಡಿದುಕೊಂಡಿದೆ ಅನ್ನುವುದರ ಅಳತೆಯೂ ಹೌದು ಅಂತ. ಗುಂಪಿನ ಸಾಲದಲ್ಲಿ ಗುಂಪು ಹಿಡಿದುಕೊಳ್ಳಬೇಕಿತ್ತು. ಅದೇ ಗುಂಪು ಬಾಗಿಲಿಗೆ ಬಂದು ಬೈದರೆ, ಹಿಡಿದ ಕೈಯೇ ಕುತ್ತಿಗೆಗೆ ಬಂದ ಹಾಗೆ.

ಪ್ರಶ್ನೆ: ಪಿಯುಸಿ ಓದುವ ಮಗಳಿಗೆ ಬೈದರೆ ಸಾಕು, 'ಸತ್ತುಹೋಗ್ತೀನಿ' ಅಂತಾಳೆ. ಸುಮ್ನೆ ಹೆದರಿಸ್ತಾಳೆ ಅಂತಾರೆ ಇವರು. ಹೇಳೋರು ಮಾಡಲ್ಲ ಅಲ್ವಾ? (ಹೊಳೆನರಸೀಪುರ)

ಉತ್ತರ: ಹೇಳುವವರೂ ಮಾಡುತ್ತಾರೆ. ಹೋದವರಲ್ಲಿ ತುಂಬಾ ಜನ ಮುಂಚೆ ಒಂದಲ್ಲ ಒಂದು ರೀತಿ ಹೇಳಿಯೇ ಇರುತ್ತಾರೆ. ಹೆದರಿಸಲು ಹೇಳಿದಳು ಅಂತಲೇ ಇಟ್ಟುಕೊಳ್ಳಿ, ಹದಿನೇಳು ವರ್ಷದ ಹುಡುಗಿಗೆ ಮನೆಯವರ ಗಮನ ಸೆಳೆಯಲು ಆ ಒಂದೇ ಮಾತು ಉಳಿದಿದೆ ಅಂದರೆ ಅದೂ ವಿಚಾರಿಸಬೇಕಾದ್ದೇ. ಸಿಟ್ಟು ಇಳಿದ ಮೇಲೆ, ಊಟ ಆದ ಮೇಲೆ, ಪಕ್ಕ ಕೂತು ಕೇಳಿ. ಅಪ್ಪ ಅಲ್ಲಿ ಇರುವುದು ಬೇಡ. ಪರೀಕ್ಷೆಯ ಭಯವಾದರೆ, 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಚೆನ್ನಾಗಿ ಬಂದ ಅಂಕ ಉಳಿಸಿಕೊಳ್ಳಬಹುದು ಅಂತ ಈಗಲೇ ಹೇಳಿಬಿಡಿ. ಫಲಿತಾಂಶದ ದಿನ ರಜೆ ಹಾಕಿ ಮನೆಯಲ್ಲಿರಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಬ್ಬ ಹುಡುಗ ಹೀಗೆ ಹೋಗಿ ಎರಡು ತಿಂಗಳಾಯಿತು. ಅವರಮ್ಮನ ಮುಖ ನೋಡಲು ಕಷ್ಟ. ಏನು ಮಾತಾಡಬೇಕು ಗೊತ್ತಾಗದೆ ದಾರಿ ಬದಲಿಸಿ ಹೋಗುತ್ತಿದ್ದೇನೆ. (ಬೇಲೂರು)

ಉತ್ತರ: ಬರೆದಿದ್ದಕ್ಕೆ ಥ್ಯಾಂಕ್ಸ್, ನಮ್ಮಲ್ಲಿ ಎಲ್ಲರೂ ದಾರಿ ಬದಲಿಸುವವರೇ. ನಾನೂ ಒಮ್ಮೆ ಬದಲಿಸಿದ್ದೇನೆ. ಸಂಬಂಧಿಕರ ಮನೆಯಲ್ಲಿ ಹೀಗಾದಾಗ ಹನ್ನೊಂದನೇ ದಿನ ಹೋಗಿ, ಊಟ ಮಾಡಿ, ಆ ತಾಯಿಯ ಹತ್ತಿರ ಮಾತೇ ಆಡದೆ ಬಂದೆ. ಚಪ್ಪರದ ಕೆಳಗೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಾರಣ ಓಡಾಡುತ್ತಿತ್ತು. ಹುಡುಗಿ ಅಂತೆ, ಮಾರ್ಕ್ಸ್ ಅಂತೆ, ಆನ್‌ಲೈನ್ ಆಟ ಅಂತೆ. ಆ ತಾಯಿ ಎಲ್ಲವನ್ನೂ ಕೇಳಿಸಿಕೊಂಡು ಎಲೆ ಎತ್ತುತ್ತಿದ್ದರು.

ಯಾವ ಆತ್ಮಹತ್ಯೆಗೂ ಒಂದೇ ಕಾರಣ ಇರುವುದಿಲ್ಲ. ಪೊಲೀಸರ ಕಾಗದದಲ್ಲಿ 'ಕೌಟುಂಬಿಕ ಸಮಸ್ಯೆ', 'ಕಾಯಿಲೆ' ಅಂತ ಒಂದು ಕಾಲಂ ತುಂಬಬೇಕು, ತುಂಬುತ್ತಾರೆ. ನಿಜದಲ್ಲಿ ಹುಟ್ಟಿನಿಂದ ಬಂದ ಸ್ವಭಾವ, ಗುರುತಿಸದೇ ಉಳಿದ ಖಿನ್ನತೆ, ಕುಡಿತ, ಅವಮಾನ, ಒಂಟಿತನ, ಆ ರಾತ್ರಿ ಕೈಗೆ ಸಿಕ್ಕ ಸಾಧನ, ಎಷ್ಟೋ ಎಳೆ ಸೇರಿರುತ್ತವೆ. 'ಕಾರಣ ಏನಂತೆ' ಅಂತ ಕೇಳಿದವರಿಗೆಲ್ಲ ಆ ತಾಯಿ ತನ್ನೊಳಗೆ ಒಂದೇ ಉತ್ತರ ಹೇಳಿಕೊಳ್ಳುತ್ತಾರೆ: ನಾನೇ.

ಹೋಗಿ. ಎರಡು ತಿಂಗಳಾಯಿತು, ಇಷ್ಟು ದಿನ ಆದ ಮೇಲೆ ಹೇಗೆ ಅಂತ ಯೋಚಿಸಬೇಡಿ, ಜನ ಬರುವುದು ನಿಂತ ಮೇಲೆಯೇ ಯಾರಾದರೂ ಬೇಕಾಗುವುದು. ಹುಡುಗನ ಹೆಸರು ಹಿಡಿದು ಮಾತಾಡಿ. ಅವನು ನಿಮ್ಮ ಗೇಟು ಹಾರಿ ಚೆಂಡು ತರಲು ಬರುತ್ತಿದ್ದನಾ, ಅದನ್ನು ಹೇಳಿ. 'ದೇವರ ಇಚ್ಛೆ' ಬೇಡ, 'ಇನ್ನೊಬ್ಬ ಮಗ ಇದ್ದಾನಲ್ಲ' ಖಂಡಿತ ಬೇಡ. ಆ ಇನ್ನೊಬ್ಬ ಮಗನನ್ನೂ ಒಂದು ಕಣ್ಣಿಟ್ಟು ನೋಡಿ, ಇಂಥ ಮನೆಯ ಉಳಿದವರಿಗೂ, ಹೋದವನ ಸ್ನೇಹಿತರಿಗೂ ಅಪಾಯ ಜಾಸ್ತಿ.

ಪ್ರಶ್ನೆ: ಪ್ರಯತ್ನ ಮಾಡಿ ಬದುಕಿದರೆ ಪೊಲೀಸ್ ಕೇಸು ಆಗುತ್ತೆ ಅಂತ ಆಸ್ಪತ್ರೆಗೆ ಕರೆದೊಯ್ಯಲು ಹೆದರುತ್ತಾರೆ. ನಿಜವಾ? (ಕಡೂರು)

ಉತ್ತರ: ಕರೆದುಕೊಂಡು ಹೋಗಿ, 108ಕ್ಕೆ ಫೋನ್ ಮಾಡಿ, ಒಂದು ನಿಮಿಷವೂ ತಡ ಬೇಡ. ಮಾನಸಿಕ ಆರೋಗ್ಯ ಕಾಯ್ದೆ 2017ರ 115ನೇ ಸೆಕ್ಷನ್ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವ ಹಾಗಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ ಇಲ್ಲವೇ ಇಲ್ಲ. ಸರ್ಕಾರಿ ನೌಕರರ ಕೆಲಸ ತಡೆಯಲು ಹಾಗೆ ಮಾಡಿದರೆ ಮಾತ್ರ ಬೇರೆ ಸೆಕ್ಷನ್ ಇದೆ. ಆಸ್ಪತ್ರೆಯವರು ಠಾಣೆಗೆ ತಿಳಿಸುತ್ತಾರೆ, ಪೊಲೀಸರು ಹೇಳಿಕೆ ಕೇಳಬಹುದು, ಅದಕ್ಕೆ ಹೆದರಬೇಡಿ. ವಾರ್ಡಿನಲ್ಲಿ ಯಾರಾದರೂ 'ಇದೆಲ್ಲ ಬೇಕಿತ್ತಾ ನಿಂಗೆ' ಅಂದರೆ, ಒಂದು ಕಡೆ ನಾನೇ ಕಿವಿಯಾರೆ ಕೇಳಿದ್ದೇನೆ, ಜೊತೆಗಿದ್ದವರು ಅಲ್ಲೇ ತಡೆಯಿರಿ. ಮನೆಗೆ ಬಂದ ಮೇಲಿನ ಮೊದಲ ಕೆಲವು ವಾರ ಎಲ್ಲಕ್ಕಿಂತ ನಾಜೂಕು. ಮನೋವೈದ್ಯರನ್ನು ಕಾಣದೆ ಡಿಸ್ಚಾರ್ಜ್ ಮಾಡಿಸಿಕೊಂಡು ಬರಬೇಡಿ.

ಪ್ರಶ್ನೆ: ಹಾಸನದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೇನೆ. ಆರು ಸಬ್ಜೆಕ್ಟ್ ಉಳಿದಿದೆ. ಮನೆಯಲ್ಲಿ ಎಲ್ಲ ಪಾಸ್ ಅಂದಿದ್ದೇನೆ. ಅಪ್ಪ ಎರಡು ಹಸು ಮಾರಿ ಫೀಸು ಕಟ್ಟಿದರು. ಕಾಲೇಜಿಗೆ ಅಂತ ಹೊರಟು ಮಹಾರಾಜ ಪಾರ್ಕಿನಲ್ಲಿ ಕೂತು ಸಂಜೆ ವಾಪಸ್ ಬರುತ್ತೇನೆ. ನಾನಿಲ್ಲದಿದ್ದರೆ ಅಪ್ಪನಿಗೆ ಖರ್ಚಾದರೂ ಉಳಿಯುತ್ತೆ.

ಉತ್ತರ: ನಿಮ್ಮ ಮೇಲ್ ಬಂದಿದ್ದು ರಾತ್ರಿ ಎರಡೂ ಮುಕ್ಕಾಲಿಗೆ. ಬೆಳಿಗ್ಗೆ ನೋಡಿದ ತಕ್ಷಣ ಉತ್ತರಿಸಿದ್ದೇನೆ, ನೀವೂ ವಾಪಸ್ ಬರೆದಿರಿ, 'ಹಾಕಿ ಮೇಡಂ, ನಮ್ಮ ಹಳ್ಳಿ ಹೆಸರು ಬೇಡ' ಅಂದಿರಿ. ಹಾಗಾಗಿ ಇಲ್ಲಿ. ನಿಮ್ಮ ಹಾಗೆ ಪಾರ್ಕಿನಲ್ಲಿ ಕೂತಿರುವ ಇನ್ನೂ ನಾಲ್ಕು ಜನ ಇದನ್ನು ಓದಲಿ ಅಂತ.

ಕೊನೆಯ ಸಾಲಿನ ಲೆಕ್ಕ ತಪ್ಪು. ಅದನ್ನು ಹಾಕಿದ್ದು ಆರು ಸಬ್ಜೆಕ್ಟ್ ಫೇಲಾದ ಹುಡುಗ ಅಲ್ಲ, ತಿಂಗಳುಗಟ್ಟಲೆ ನಿದ್ದೆ ಕೆಟ್ಟ ತಲೆ. ಎರಡು ಹಸುವನ್ನು ಅಪ್ಪ ಮತ್ತೆ ಕಟ್ಟಬಲ್ಲರು. ನಿಮ್ಮನ್ನು ಬಿಟ್ಟು ಅವರ ಯಾವ ಲೆಕ್ಕವೂ ಸರಿಹೋಗುವುದಿಲ್ಲ, ಮೇಲೆ ಬೇಲೂರಿನ ಪತ್ರ ಓದಿದಿರಲ್ಲ. ಆರು ಸಬ್ಜೆಕ್ಟಿಗೆ ದಾರಿ ಇದೆ, ಎರಡು ಈ ಸಲ, ಎರಡು ಮುಂದಿನ ಸಲ. ಆಗದೇ ಹೋದರೆ ಆ ಕೋರ್ಸನ್ನೇ ಬಿಡಬಹುದು, ಬಿಟ್ಟವರು ಎಷ್ಟೋ ಜನ ನಮ್ಮ ಸುತ್ತಲೇ ಚೆನ್ನಾಗಿದ್ದಾರೆ. ನಿಮ್ಮನ್ನು ಹಿಂಡುತ್ತಿರುವುದು ಸಬ್ಜೆಕ್ಟ್ ಅಲ್ಲ, ಸುಳ್ಳು ಅಂತ ನನಗನ್ನಿಸುತ್ತದೆ. ದಿನಾ ಸಂಜೆ ಫೋನಿನಲ್ಲಿ 'ಕ್ಲಾಸ್ ಚೆನ್ನಾಗಿತ್ತು' ಅನ್ನುವುದು.

ನೀವು ಈಗಾಗಲೇ 14416ಕ್ಕೆ ಮಾತಾಡಿದಿರಿ, ಅಕ್ಕನಿಗೂ ಹೇಳಿದಿರಿ, ಅಕ್ಕ ಅತ್ತರೇ ಹೊರತು ಬೈಯಲಿಲ್ಲ ಅಂತ ಬರೆದಿದ್ದೀರಿ. ರಾತ್ರಿ ಒಬ್ಬರೇ ಮಲಗಬೇಡಿ, ಪಕ್ಕದ ರೂಮಿನ ಸ್ನೇಹಿತನ ಹತ್ತಿರ ಮಲಗಿ, ಯಾಕೆ ಅಂತ ಅವನಿಗೂ ಹೇಳಿ. ಯೋಚನೆ ಜೋರಾದರೆ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಅವನ ಜೊತೆಯೇ ಹೋಗಿ, ಅದು ಯಾವ ಹೊತ್ತಿಗೂ ತೆಗೆದಿರುತ್ತದೆ. ಗುರುವಾರ ಡಾಕ್ಟರ ಹತ್ತಿರ ಹೋಗುವುದು ತಪ್ಪಿಸಬೇಡಿ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಅಕ್ಕನ ಜೊತೆ ಊರಿಗೆ ಹೊರಡಿ. ಮೊದಲ ಮಾತು ಅಕ್ಕ ಆಡಲಿ, ನೀವು ಪಕ್ಕದಲ್ಲಿ ಕೂತಿರಿ ಸಾಕು. ಅಪ್ಪ ಬೈಯಬಹುದು, ಒಂದು ದಿನ ಮಾತು ಬಿಡಬಹುದು. ಅಮ್ಮ ಊಟಕ್ಕೆ ಕರೆದಾಗ ಹೋಗಿ ಕೂತುಕೊಳ್ಳಿ.

ಭಾನುವಾರ ರಾತ್ರಿ ನನಗೊಂದು ಮೇಲ್ ಹಾಕಿ. ಅಪ್ಪ ಏನಂದರು, ಎಷ್ಟು ಬೈದರು, ಊಟಕ್ಕೆ ಏನು ಮಾಡಿದ್ದರು, ಎಲ್ಲ ಬರೆಯಿರಿ. ನೋಡುತ್ತಿರುತ್ತೇನೆ.